ಹೆಸರಿಗೆ ಹೊದಿಸಿದ ಪ್ಲಾಸ್ಟಿಕ್

ನನ್ನ ಮೇಜಿನ ಮೇಲೆ ಈಗ ಒಂದು ಪ್ಲಾಸ್ಟಿಕ್ ಹಾಳೆ ಬಿದ್ದಿದೆ. ಹೊಸ ಗಾದಿಗೆ ಸುತ್ತಿಕೊಂಡು ಬರುತ್ತದಲ್ಲ, ಆ ದಪ್ಪನೆಯ ಹಾಳೆ. ಅದರ ಒಳಮೈಗೆ ಕಡುನೀಲಿ ಬಣ್ಣದ ಚೂರುಗಳು ಅಂಟಿಕೊಂಡಿವೆ. ಆ ಬಣ್ಣ ನನ್ನದು. ಒಂದು ಸಾಗವಾನಿ ಹಲಗೆಯ ಮೇಲೆ ನಾನೇ ಉಸಿರು ಬಿಗಿಹಿಡಿದು ಬರೆದ ಅಕ್ಷರಗಳ ಮೇಲ್ಪದರ ಅದು. ಹಲಗೆ ಹಾಳಾಗದಿರಲಿ ಎಂದು ಈ ಹಾಳೆಯನ್ನು ಅದಕ್ಕೆ ಬಿಗಿಯಾಗಿ ಸುತ್ತಿದ್ದರು. ಒಳಗಿನ ವಾರ್ನಿಶ್ ಇನ್ನೂ ಪೂರ್ತಿ ಒಣಗಿರಲಿಲ್ಲ. ಹಾಳೆ ಬಿಚ್ಚಿದಾಗ ಅಕ್ಷರಗಳ ಚರ್ಮವೇ ಸುಲಿದು ಬಂತು. ಕೇಳಿದರೆ ಕಾಳಜಿ ಮಾಡಿದರಂತೆ! ಈ ‘ಕಾಳಜಿ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಚೆಗೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಈ ಹೆಂಗಸಿಗೆ ಒಂದು ಹಲಗೆಯ ಸಲುವಾಗಿ ಇಷ್ಟೇಕೆ ಸಿಟ್ಟು ಎಂದು ನೀವು ಕೇಳುತ್ತೀರಿ. ಹೆಸರು ಸುಮಿತ್ರಾ. ತವರು ಲಕ್ಷ್ಮೇಶ್ವರ, ಮನೆ ಬೆಟಗೇರಿ. ಟೆಲಿಫೋನ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಉಳಿದವರು ನಿವೃತ್ತಿಯ ನಂತರ ಕಾಶಿಗೆ ಹೋಗುತ್ತಾರೆ, ನಾನು ಬಣ್ಣದ ಡಬ್ಬಿ ತೆರೆದು ಕುಳಿತೆ. ಕಟ್ಟಿಗೆಯ ಹಲಗೆಯ ಮೇಲೆ ಮನೆಯ ಹೆಸರು, ಅಂಗಡಿಯ ಹೆಸರು, ಡಾಕ್ಟರರ ಹೆಸರು ಬರೆಯುತ್ತೇನೆ. ಮೊದಲು ಬರೆದದ್ದು ನಮ್ಮ ಮನೆಯದೇ ಬೋರ್ಡು. ಅದರ ಅಕ್ಷರಗಳೆಲ್ಲ ಎಡದಿಂದ ಬಲಕ್ಕೆ ಮೆಲ್ಲಗೆ ಇಳಿಜಾರಿಗೆ ಸಾಗಿದ್ದವು. ನಮ್ಮ ಯಜಮಾನರು ಅದನ್ನು ನೋಡಿ, “ಛಲೋ ಆಗೇತಿ ಬಿಡು. ಓದಾಕ ಬಂದವರು ಕುತ್ತಿಗಿ ಒಂದೀಟು ಹೊರಳಿಸಿದ್ರಾತು” ಎಂದರು. ಆ ಬೋರ್ಡು ಈಗಲೂ ನಮ್ಮ ಬಾಗಿಲ ಮೇಲಿದೆ. ಆ ಮಾತನ್ನೂ ಅವರು ಬಂದವರ ಎದುರಿಗೆಲ್ಲ ಈಗಲೂ ಹೇಳುತ್ತಾರೆ.

ಬರೆಯುವುದನ್ನು ನಾನು ತಡವಾಗಿ ಕಲಿತೆ. ಬರೆದ ಮೇಲೆ ಕಟ್ಟಿಗೆಯನ್ನು ಕಾಯುವುದು ಹೇಗೆ ಎಂಬುದನ್ನು ಮಾತ್ರ ಚಿಕ್ಕಂದಿನಿಂದಲೂ ಕಂಡಿದ್ದೆ. ಲಕ್ಷ್ಮೇಶ್ವರದಲ್ಲಿ ನಮ್ಮಪ್ಪನದು ಕಟ್ಟಿಗೆಯ ಅಡ್ಡೆ. ಶಾಲೆಯಿಂದ ಬಂದವರೇ ನಾವು ಮಕ್ಕಳು ಕೊಯ್ದ ಹೊಟ್ಟಿನ ಗುಡ್ಡೆಯಲ್ಲಿ ಬಿದ್ದು ಹೊರಳುತ್ತಿದ್ದೆವು. ಸಾಗವಾನಿ ಹೊಟ್ಟಿನ ವಾಸನೆ ತಲೆಗೂದಲಲ್ಲಿ ಕುಳಿತರೆ ಎರಡು ಸಲ ಎರೆದುಕೊಂಡರೂ ಹೋಗುತ್ತಿರಲಿಲ್ಲ. ಬೇಸಿಗೆಯಲ್ಲಿ ಅಪ್ಪ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಕಬ್ಬಿಣದ ಬೋಗುಣಿಯಲ್ಲಿ ಅಗಸಿ ಎಣ್ಣೆ ಕಾಯಿಸುತ್ತಿದ್ದ. ಬಾಗಿಲು, ಚೌಕಟ್ಟು, ಕಿಟಕಿಯ ಕದ ಎಲ್ಲಕ್ಕೂ ಅದನ್ನು ಹಳೆಯ ಧೋತರದ ತುಂಡಿನಿಂದ ತಿಕ್ಕುತ್ತಿದ್ದ. ಅವ್ವನಿಗೆ ಇದು ಸೇರುತ್ತಿರಲಿಲ್ಲ. ಅಗಸಿ ಇರುವುದು ಚಟ್ನಿಗೆ ಎಂಬುದು ಅವಳ ಖಚಿತ ಅಭಿಪ್ರಾಯ. “ಮಕ್ಕಳಿಗೆ ರೊಟ್ಟಿಗೆ ಹಚಗೊಳ್ಳಾಕ ಇಲ್ಲ, ಇವರು ಬಾಗಲಕ್ಕ ಉಣಸಾಕತ್ತಾರ” ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಅಪ್ಪ ಎಣ್ಣೆ ಹಚ್ಚಿದ ಬಾಗಿಲನ್ನು ನೆರಳಲ್ಲಿ ನಿಲ್ಲಿಸಿ, ನಮ್ಮನ್ನೆಲ್ಲ ಅತ್ತ ಅಟ್ಟಿ, ತಾನು ಎದುರಿಗೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಒಣಗುವ ತನಕ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಗಿರಾಕಿ ಬಂದು ಅವಸರ ಮಾಡಿದರೆ, “ಬಿಡ್ರಿ, ಅದಕ್ಕ ಗಾಳಿ ಬೇಕು” ಎನ್ನುತ್ತಿದ್ದ. ಅಷ್ಟೇ ಅವನ ವಿದ್ಯೆ. ಆ ವಿದ್ಯೆಯ ಮೇಲೆಯೇ ನಾನೀಗ ಬದುಕುತ್ತಿದ್ದೇನೆ.

ಆದರೆ ನಮ್ಮ ಸೀಮೆಯ ಮಂದಿಗೆ ಗಾಳಿಯ ಮೇಲೆ ಯಾಕೋ ಸಿಟ್ಟು. ಯಾವ ವಸ್ತು ಮನೆಗೆ ಬಂದರೂ ಅದಕ್ಕೆ ಗಾಳಿ ತಾಗಬಾರದು. ಟಿ.ವಿ.ಯ ರಿಮೋಟು ಅಂಗಡಿಯ ಪ್ಲಾಸ್ಟಿಕ್ಕಿನಲ್ಲೇ ಇರಬೇಕು, ಗುಂಡಿಯ ಮೇಲಿನ ಅಂಕಿ ಕಾಣದಿದ್ದರೂ ಸರಿ. ಸೋಫಾದ ಮೇಲಿನ ಹಾಳೆ ತೆಗೆಯಬಾರದು, ಬೇಸಿಗೆಯಲ್ಲಿ ಅದರ ಮೇಲೆ ಕುಳಿತವರು ಏಳುವಾಗ ಚರ್ಮ ಬಿಟ್ಟು ಏಳಬೇಕು. ಗದುಗಿನಲ್ಲಿ ನನಗೆ ಗೊತ್ತಿರುವ ಒಬ್ಬರ ಕಾರಿನ ಸೀಟಿಗೆ ಇನ್ನೂ ಕಂಪನಿಯ ಹೊದಿಕೆ ಇದೆ. ಅದರ ಟೈರೇ ಎರಡು ಸಲ ಬದಲಾಗಿದೆ. ನಾನೇನು ಇದಕ್ಕೆ ಹೊರಗಿನವಳಲ್ಲ. ಟ್ರಂಕಿನಲ್ಲಿ ಒಂದು ಇಳಕಲ್ ಸೀರೆ ಇದೆ, ಬೇವಿನ ಸೊಪ್ಪು ಹಾಕಿ ಮಡಚಿ ಇಟ್ಟದ್ದು. ಅದನ್ನು ನನಗಿಂತ ಹೆಚ್ಚು ಬೇವಿನ ಸೊಪ್ಪೇ ಉಟ್ಟಿದೆ. ಆದರೂ ನನ್ನ ಬೋರ್ಡಿನ ಮಾತು ಬಂದಾಗ ನನಗೆ ತಡೆಯಲಾಗುವುದಿಲ್ಲ. ಬೋರ್ಡು ಇರುವುದು ಹೊರಗೆ ನೇತಾಡಲಿಕ್ಕೆ, ಹೋಗಿಬರುವವರು ಓದಲಿಕ್ಕೆ. ಅದಕ್ಕೂ ಮುಸುಕು ಹಾಕಿದರೆ ಹೇಗೆ?

ಶಿರಹಟ್ಟಿಯ ಒಬ್ಬ ಔಷಧ ಅಂಗಡಿಯವರಿಗೆ ಒಂದು ಬೋರ್ಡು ಬರೆದುಕೊಟ್ಟಿದ್ದೆ. ಕೆಂಪು ಅಕ್ಷರ, ಸುತ್ತಲೂ ಬಳ್ಳಿಯ ಅಂಚು, ಮೇಲೆ ತೆಳ್ಳನೆಯ ವಾರ್ನಿಶ್. ದೀಪಾವಳಿಗೆ ಅದು ಇನ್ನಷ್ಟು ಹೊಳೆಯಲಿ ಎಂದು ಅವರು ಅದಕ್ಕೆ ಶೇಂಗಾ ಎಣ್ಣೆ ತಿಕ್ಕಿದರು. ಅಗಸಿ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆ ಹಾಗಲ್ಲ. ಅದು ಜಿಗುಟು ಜಿಗುಟಾಗಿ ಹಾಗೆಯೇ ಉಳಿಯುತ್ತದೆ, ರಸ್ತೆಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಅದು ಬೇರೆ ಹತ್ತಿ ತುಂಬಿದ ಲಾರಿಗಳು ಓಡಾಡುವ ಕಾಲ. ನಾನು ಮತ್ತೊಮ್ಮೆ ಅತ್ತ ಹೋದಾಗ ಬೋರ್ಡಿಗೆ ಬಿಳಿ ಗಡ್ಡ ಬಂದಿತ್ತು. ಅವರು ಗಲ್ಲಾ ಬಿಟ್ಟು ಎದ್ದು ಬಂದು, “ಅಕ್ಕಾರ, ನಿಮ್ಮ ಪಾಲಿಶ್ ಸರಿ ಇಲ್ಲ ನೋಡ್ರಿ. ಭಾಳ ಹೊಲಸು ಹಿಡೀತೈತಿ” ಎಂದರು. ಎಣ್ಣೆ ಹಚ್ಚಿದವರು ಯಾರು ಎಂದರೆ ಮುಖದಲ್ಲಿ ಹೆಮ್ಮೆ! “ನಾವ ಹಚ್ಚೀವ್ರಿ. ಡಬಲ್ ಫಿಲ್ಟರ್ ಐತಿ.”

ಅಸುಂಡಿ ಊರಿನ ಒಂದು ಮನೆಯವರ ಕಥೆ ಇದಕ್ಕೂ ಮಿಗಿಲು. ಹೊಸ ಮನೆಯ ವಾಸ್ತುಶಾಂತಿಗೆ ಬೋರ್ಡು ಬೇಕೇಬೇಕು ಎಂದು ಗಂಟು ಬಿದ್ದರು. ವಾರ್ನಿಶ್ ಹಸಿ ಇದೆ, ಸಂಜೆಯ ತನಕ ಕೈ ಹಚ್ಚಬೇಡಿ ಎಂದು ಕೈಮುಗಿದು ಹೇಳಿ ಕಳಿಸಿದೆ. ಅವರು ಕೈ ಹಚ್ಚಲಿಲ್ಲ. ಪೂಜೆ ಮಾಡಿದರು. ಅರಿಶಿನ, ಕುಂಕುಮ, ಅದರ ಮೇಲೆ ಬಂದವರೆಲ್ಲ ಮುಷ್ಟಿ ಮುಷ್ಟಿ ಅಕ್ಷತೆ. ಅಕ್ಕಿಕಾಳು ವಾರ್ನಿಶ್ಶಿನಲ್ಲಿ ನೆಟ್ಟು ನಿಂತು ಅಲ್ಲಿಯೇ ಒಣಗಿದವು. ಬೋರ್ಡನ್ನು ಬಾಗಿಲ ಮೇಲೆ ಹಾಕಿದ ಮರುದಿನದಿಂದ ಗುಬ್ಬಿಗಳಿಗೆ ಹಬ್ಬ. ಒಂದೊಂದು ಕಾಳಿಗೂ ಒಂದೊಂದು ಚೂರು ಬಣ್ಣ ಕಿತ್ತುಕೊಂಡು ಹೋದವು. ಮನೆಯ ಹಿರಿಯರು ಫೋನ್ ಮಾಡಿ, “ಯವ್ವಾ, ನಿನ್ನ ಬಣ್ಣ ಗುಬ್ಬಿಗೂ ತಡಿಯೂದಿಲ್ಲಲ್ಲ!” ಎಂದು ನನ್ನನ್ನೇ ಬೈದರು. ನಾನು ಫೋನು ಇಟ್ಟು ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದೆ. ನಮ್ಮ ಯಜಮಾನರು ನಗುವುದನ್ನು ನಿಲ್ಲಿಸಲು ಅರ್ಧ ತಾಸು ಹಿಡಿಯಿತು.

ಇವೆಲ್ಲ ಹೋಗಲಿ. ಗಿರಾಕಿಗಳ ಮೇಲೆ ಬರುವ ಸಿಟ್ಟು ಊಟ ಮಾಡಿದರೆ ಇಳಿಯುತ್ತದೆ. ಇಳಿಯದೆ ಕುಳಿತಿರುವುದು ಈ ಪ್ಲಾಸ್ಟಿಕ್ಕಿನ ಸಿಟ್ಟು. ಇದು ಮುಂಡರಗಿಯಿಂದ, ನನ್ನ ಸ್ವಂತ ಅಣ್ಣನ ಮನೆಯಿಂದ ಬಂದದ್ದು. ಅಣ್ಣನ ಮನೆ ಎಂದೆನಲ್ಲ, ನೋಡಿ, ನನ್ನ ಬಾಯಿಗೂ ಅದೇ ರೂಢಿ. ಆ ಮನೆ ನನ್ನ ವೈನಿಯದು, ಅಣ್ಣನ ಹೆಂಡತಿಯದು.

ವೈನಿ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಬಹಳ ವರ್ಷ ಡಂಬಳದಲ್ಲಿ, ಆಮೇಲೆ ಮುಂಡರಗಿಯಲ್ಲಿ. ಆ ಸುತ್ತಿನ ಹಳ್ಳಿಗಳಲ್ಲಿ ಅವರು ಹಿಡಿದು ಈಚೆಗೆ ತಂದ ಮಕ್ಕಳು ಈಗ ತಮ್ಮ ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡು ತಿರುಗುತ್ತಿದ್ದಾರೆ. ಮಂದಿಗೆಲ್ಲ ಅವರು ನರ್ಸಬಾಯಿ. ಮಕ್ಕಳಿಗೆ ಅವ್ವ, ನನಗೆ ವೈನಿ, ಅಣ್ಣನಿಗೆ “ಏ, ಕೇಳಿತೇನು?”. ಅವರಿಗೊಂದು ಹೆಸರಿದೆ, ಸುಲೋಚನಾ ಎಂದು. ಅದನ್ನು ಬಾಯಿಬಿಟ್ಟು ಕರೆಯುತ್ತಿದ್ದವರು ಅವರ ತವರಿನವರು ಮಾತ್ರ, ಈಗ ಅವರೂ ಯಾರೂ ಉಳಿದಿಲ್ಲ. ಮುಂಡರಗಿಯ ಮನೆ ಕಟ್ಟಿದ್ದು ವೈನಿಯ ಪಗಾರದಿಂದ. ಅಣ್ಣನಿಗೆ ಬೀಜ ಗೊಬ್ಬರದ ಅಂಗಡಿ ಇದೆ, ಅದು ತನ್ನ ಹೊಟ್ಟೆ ತಾನು ಹೊರೆದುಕೊಂಡರೆ ಹೆಚ್ಚು. ಮನೆಯಲ್ಲಿ ಅವನು ಮಾಡಿಸಿದ್ದು ಗೇಟು. ಗೇಟಿನ ಕಂಬಕ್ಕೆ ಸ್ಟೀಲಿನ ಪಾಟಿ ಹಾಕಿಸಿ, ತನ್ನ ಹೆಸರು, ಹೆಸರಿನ ಮುಂದೆ ಬಿ.ಎ. ಎಂದು ಕೊರೆಸಿದ್ದಾನೆ. ಬೆಳಗಿನ ಬಿಸಿಲಿಗೆ ಅದು ಎಷ್ಟು ಹೊಳೆಯುತ್ತದೆಂದರೆ ಎದುರು ಮನೆಯವರು ಕಣ್ಣು ಕಿರಿದು ಮಾಡಿಕೊಂಡೇ ರಂಗೋಲಿ ಹಾಕಬೇಕು.

ಅಣ್ಣ ಕೆಟ್ಟವನಲ್ಲ. ಇದನ್ನು ಹೇಳದಿದ್ದರೆ ನನ್ನ ನಾಲಗೆಗೆ ಹುಳ ಬೀಳುತ್ತದೆ. ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬಂದವನು ಅವನು. ವೈನಿಗೆ ರಾತ್ರಿ ಪಾಳಿ ಇದ್ದಾಗ ಮಕ್ಕಳಿಗೆ ಅನ್ನ ಕಲಸಿ ಉಣ್ಣಿಸಿದವನು. ಅದಕ್ಕೇ ನನ್ನ ಸಿಟ್ಟು ಹೆಚ್ಚು. ಕೆಟ್ಟವನಾಗಿದ್ದರೆ ಒಂದು ಮಾತು ಅಂದು ಮರೆತುಬಿಡಬಹುದಿತ್ತು.

ವೈನಿ ನಿವೃತ್ತರಾದ ಮೇಲೆ ಒಮ್ಮೆ ನಮ್ಮಲ್ಲಿಗೆ ಬಂದಿದ್ದರು. ನಾನು ಮಾಳಿಗೆಯ ಮೇಲೆ ಬೋರ್ಡುಗಳನ್ನು ಸಾಲಾಗಿ ಒಣಗಲು ಇಟ್ಟಿದ್ದೆ. ಅವರು ಒಂದೊಂದರ ಎದುರೂ ನಿಂತು ಓದಿದರು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, “ಸುಮಿ, ನನಗೂ ಒಂದು ಬರಕೊಡ್ತಿಯೇನು?” ಎಂದರು.

“ಅದಕ್ಯಾಕ ಇಷ್ಟು ಕೇಳ್ತೀರಿ ವೈನಿ? ಏನಂತ ಬರೀಲಿ? ಮನಿಗೆ ಹೆಸರಿಟ್ಟೀರೇನು?”

“ಮನಿಗಲ್ಲ. ನನ್ನ ಹೆಸರು.” ಬೆರಳಿಗೆ ಸುತ್ತಿದ ಸೆರಗು ಬಿಡಿಸುತ್ತಾ, “ಬರೇ ಸುಲೋಚನಾ ಅಂತ. ಮುಂದ ಹಿಂದ ಏನೂ ಬ್ಯಾಡ” ಎಂದರು.

ಹೆರಿಗೆ ಕೋಣೆಯಲ್ಲಿ ಗಂಡಸು ಡಾಕ್ಟರರನ್ನೂ ಗದರಿಸುತ್ತಿದ್ದ ಹೆಂಗಸು ಇವರು. ಆ ದಿನ ಅವರ ದನಿ ನನಗೆ ಗುರುತೇ ಸಿಗಲಿಲ್ಲ. ಅಪ್ಪನ ಅಡ್ಡೆಯಿಂದ ಉಳಿದುಬಂದ ಒಂದು ಸಾಗವಾನಿ ಹಲಗೆ ನನ್ನ ಬಳಿ ಇತ್ತು, ಯಾರಿಗೂ ಕೊಟ್ಟಿರಲಿಲ್ಲ. ಅದನ್ನೇ ತೆಗೆದೆ. ನಯವಾಗಿ ತಿಕ್ಕಿ, ಹಳದಿಯ ಹಿನ್ನೆಲೆ ಹಚ್ಚಿ, ಅದರ ಮೇಲೆ ಕಡುನೀಲಿಯಲ್ಲಿ ಬರೆದೆ. ಈ ಸಲ ಅಕ್ಷರಗಳು ನೆಟ್ಟಗೆ ನಿಂತವು. ನಮ್ಮ ಯಜಮಾನರು ಕುತ್ತಿಗೆ ಹೊರಳಿಸಿ ನೋಡಿದರೂ ಮಾತು ಸಿಗಲಿಲ್ಲ.

ಬಣ್ಣ ಬಲಿತ ಮೇಲೆ ವಾರ್ನಿಶ್. ಹಲಗೆಯ ಮುಖಕ್ಕೆ ಮಾತ್ರ ಹಚ್ಚಿ ಬೆನ್ನು ಹಾಗೆಯೇ ಬಿಡುವವರಿದ್ದಾರೆ. ಅಂಥ ಹಲಗೆ ಒಂದು ಮಳೆಗಾಲದಲ್ಲಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ನಾನು ಬೆನ್ನಿಗೂ ಹಚ್ಚಿದೆ. ಎರಡು ತುದಿಗಳಿಗೆ ಕೇಳಿದಷ್ಟು ಕುಡಿಸಿದೆ. ಕಟ್ಟಿಗೆ ನೀರು ಕುಡಿಯುವುದು ಆ ತುದಿಗಳಿಂದಲೇ. ಗೋಡೆಗೂ ಹಲಗೆಗೂ ನಡುವೆ ಗಾಳಿ ಆಡಲಿ ಎಂದು ಹಿಂದೆ ಗುಬಟಿನಂಥ ಸಣ್ಣ ಕಟ್ಟಿಗೆ ತುಂಡುಗಳನ್ನೂ ಕೂರಿಸಿದೆ. ಎಲ್ಲ ಒಣಗಿದ ಮೇಲೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮುಂಡರಗಿಗೆ ಹೋದೆ. ವೈನಿ ಆಗಲೇ ಬಾಗಿಲ ಪಕ್ಕದ ಗೋಡೆಗೆ ತೂತು ಹಾಕಿಸಿ ಇಟ್ಟಿದ್ದರು.

ಅಣ್ಣ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದ. “ಭಾಳ ಛಲೋ ಬರದಿ ಸುಮಿ” ಎಂದ. ಅವನ ಮುಖ ನಿಜವಾಗಿಯೂ ಅರಳಿತ್ತು. ಆಮೇಲೆ, “ಆದ್ರ ಈ ಗ್ವಾಡಿಗೆ ಮಧ್ಯಾಹ್ನದ ಬಿಸಲು ಖಡಕ್ ಬೀಳ್ತೈತಿ. ಬಣ್ಣ ಹಾರಿ ಹೋದೀತು. ಇನ್ನೊಂದು ಕೋಟ್ ಹೊಡದ್ರ ಹೆಂಗ?” ಎಂದ.

ಖರೆ ಎನಿಸಿತು. ನಾನು ಬೋರ್ಡನ್ನು ವಾಪಸು ತಂದೆ, ಗದುಗಿನ ಪೇಟೆಗೆ ಹೋಗಿ ಬಿಸಿಲು ತಾಳುವ ವಾರ್ನಿಶ್ ಹುಡುಕಿ ತಂದು ಹಚ್ಚಿದೆ. ಮತ್ತೆ ಒಯ್ದರೆ ಅವನಿಗೆ ಮಳೆಯ ಚಿಂತೆ. ಮಳೆಗಾಳಿಗೆ ಇರಚಲು ನೇರವಾಗಿ ಗೋಡೆಗೇ ಹೊಡೆಯುತ್ತದಂತೆ. ಮತ್ತೆ ಹಚ್ಚಿದೆ. ಆಮೇಲೆ ಕಟ್ಟಿಗೆ ತಿನ್ನುವ ಒರಲೆಯ ಚಿಂತೆ. ನಾನು ಬೆನ್ನಿಗೆ ಒರಲೆಯ ಔಷಧ ಬಳಿದು ಮೇಲೆ ಮತ್ತೊಂದು ಕೋಟು ಕೊಟ್ಟೆ. ಅಷ್ಟು ಹೊತ್ತಿಗೆ ಆಷಾಢ ಬಂತು, ಹೊಸದೇನೂ ಹಾಕಬಾರದು ಎಂದ. ನಾನು ಅದಕ್ಕೂ ತಲೆ ಆಡಿಸಿದೆ. ನನಗೆ ಒಳಗೊಳಗೇ ಸಂತೋಷ, ನೋಡಿ! ಕಟ್ಟಿಗೆಯ ಬಗ್ಗೆ ಇಷ್ಟು ಯೋಚನೆ ಮಾಡುವ ಗಿರಾಕಿ ನನಗೆ ಅಲ್ಲಿಯ ತನಕ ಸಿಕ್ಕಿರಲಿಲ್ಲ. ಎಷ್ಟೆಂದರೂ ಅಪ್ಪನ ಮಗ ಎಂದು ನಾಲ್ಕು ಮಂದಿಯ ಎದುರು ಹೊಗಳಿಯೂ ಬಂದೆ.

ನಮ್ಮ ಯಜಮಾನರು ಒಂದು ದಿನ ಪೇಪರಿನಿಂದ ತಲೆ ಎತ್ತದೆಯೇ ಕೇಳಿದರು. “ನಿಮ್ಮಣ್ಣಗ ವಾರ್ನಿಶ್ ಬೇಕಾಗೇತೋ, ವ್ಯಾಳ್ಯಾ ಬೇಕಾಗೇತೋ?”

“ನಿಮಗ ಎಲ್ಲಾರ ಮ್ಯಾಲೂ ಸಂಶಯ” ಎಂದು ನಾನು ಅವರ ಮೇಲೆಯೇ ಹರಿಹಾಯ್ದೆ. ಟೆಲಿಫೋನ್ ಆಫೀಸಿನಲ್ಲಿ ಅಷ್ಟು ವರ್ಷ ಮಂದಿಯ ದನಿ ಕೇಳಿದವಳು ನಾನು. ಫೋನಿನ ಆ ಕಡೆಯವರು ಸುಳ್ಳು ಹೇಳುತ್ತಿದ್ದರೆ ‘ಹಲೋ’ ಎನ್ನುವುದರಲ್ಲೇ ತಿಳಿಯುತ್ತದೆ ಎಂದು ಕೊಚ್ಚಿಕೊಂಡವಳು. ಸ್ವಂತ ಅಣ್ಣನ ವಿಷಯದಲ್ಲಿ ಕಿವಿಗೆ ಅರಳೆ ತುಂಬಿಕೊಂಡಿದ್ದೆ.

ಶ್ರಾವಣದಲ್ಲಿ ಬೋರ್ಡನ್ನು ಕೊನೆಯ ಸಲ ಒಯ್ದು ಕೊಟ್ಟೆ. ಕೋಟಿನ ಮೇಲೆ ಕೋಟು ಬಿದ್ದು ವಾರ್ನಿಶ್ ದಪ್ಪವಾಗಿತ್ತು. ಮೇಲೆ ಒಣಗಿದಂತೆ ಕಂಡರೂ ಒಳಗೆ ಇನ್ನೂ ಮೆತ್ತಗೆ. ಮಳೆಯ ದಿನಗಳಲ್ಲಿ ಅದು ಬಲಿಯಲು ಬಹಳ ಹೊತ್ತು ಬೇಕು. ಇವತ್ತೇ ಗೋಡೆಗೆ ಹಾಕಿಬಿಡಿ, ಗಾಳಿಯಲ್ಲಿ ತಾನೇ ಗಟ್ಟಿಯಾಗುತ್ತದೆ, ಅದರ ಮೇಲೆ ಏನನ್ನೂ ಮುಚ್ಚಬೇಡಿ ಎಂದು ಅಣ್ಣನಿಗೆ ಬಿಡಿಸಿ ಹೇಳಿ ಬಸ್ಸು ಹತ್ತಿದೆ. ಅವನು ಹೂಂ ಎಂದ.

ಮೊನ್ನೆ ಮುಂಡರಗಿಗೆ ಹೋದೆ. ಬೋರ್ಡು ಗೋಡೆಯ ಮೇಲೆ ಹೇಗೆ ಕಾಣುತ್ತದೆ ಎಂದು ನೋಡುವ ಆಸೆಗೆ ಬೇಕೆಂದೇ ಓಣಿಯ ತಿರುವಿನಲ್ಲಿ ಆಟೋ ಬಿಟ್ಟು ನಡೆದೆ. ಗೋಡೆಯಲ್ಲಿ ತೂತುಗಳಷ್ಟೇ ಇದ್ದವು.

“ಅಣ್ಣಾ, ಬೋರ್ಡ ಎಲ್ಲಿ?” ಎಂದೆ, ಚಪ್ಪಲಿಯನ್ನೂ ಬಿಡದೆ.

“ಚಿಂತಿ ಮಾಡಬ್ಯಾಡವಾ. ಭಾಳ ಜ್ವಾಕಿ ಇಟ್ಟೇನಿ” ಎಂದು ಅವನು ಒಳಕೋಣೆಗೆ ಕರೆದೊಯ್ದ. ಪಲ್ಲಂಗದ ಮೇಲೆ ಒಟ್ಟಿದ್ದ ಗಾದಿಗಳನ್ನು ಒಂದೊಂದಾಗಿ ಎತ್ತಿದ. ಎಲ್ಲಕ್ಕಿಂತ ಕೆಳಗೆ ನನ್ನ ಬೋರ್ಡು. ದಪ್ಪ ಪ್ಲಾಸ್ಟಿಕ್ ಸುತ್ತಿ, ಸುತ್ತಲೂ ಕಂದು ಟೇಪು ಹಚ್ಚಿ, ಹೆಣ ಕಟ್ಟಿದ ಹಾಗೆ ಕಟ್ಟಿದ್ದ. ಟೇಪು ಕಿತ್ತೆ. ಹಾಳೆ ಎಳೆದೆ. ಚರ್ರ್ ಎಂದು ಸದ್ದಾಯಿತು. ಹಳದಿಯ ಮೇಲೆಲ್ಲ ಮುದುಕಿಯ ಕೈಯಂತೆ ಸುಕ್ಕು. ನೀಲಿಯ ಚೂರು ಚೂರು ಹಾಳೆಯ ಜೊತೆ ಎದ್ದು ಬಂದವು. ಹೆಸರು ಓದಲು ಬರುತ್ತಿತ್ತು, ಆದರೆ ಉಪ್ಪುನೀರಿಗೆ ಗಿಲಾವು ಉದುರಿದ ಗೋಡೆಯ ಹಾಗಿತ್ತು.

ಆಮೇಲೆ ನಾನು ಏನೇನು ಅಂದೆನೋ, ಎಲ್ಲ ಬರೆಯಲಾಗುವುದಿಲ್ಲ. ಅಣ್ಣ, “ಬೈಬ್ಯಾಡ, ನಾ ಕಾಳಜಿ ಮಾಡೇ ಇಟ್ಟೇನಿ. ಮಳಿಗಾಲ ಮುಗೀಲಿ ಅಂತ” ಎಂದ.

“ನಿನ್ನ ಹೆಸರು ಗೇಟಿನ್ಯಾಗ ಮಳಿ ಬಿಸಲಾಗ ನಿಂತೈತಲ್ಲ, ಅದಕ್ಯಾಕ ಗಾದಿ ಹೊಚ್ಚಿಲ್ಲ?”

“ಅದು ಸ್ಟೀಲ್ ಐತಿ.”

“ಸ್ಟೀಲ್ ಐತಿ ಅಂತಲ್ಲ. ನಿನ್ನ ಹೆಸರೈತಿ ಅಂತ.”

ಈ ಮಾತು ನನ್ನ ಬಾಯಿಂದ ಬಿದ್ದ ಮೇಲೆಯೇ ನನಗೂ ತಿಳಿದದ್ದು. ಬಿಸಿಲು, ಇರಚಲು, ಒರಲೆ, ಆಷಾಢ, ಎಲ್ಲವೂ ಒಂದರ ಹಿಂದೊಂದು ಬಂದು ಎದುರಿಗೆ ನಿಂತವು. ಅವನು ಕೇಳಿದಾಗಲೆಲ್ಲ ಬ್ರಷ್ ಹಿಡಿದು ಕೋಟು ಹೊಡೆದುಕೊಟ್ಟವಳು ನಾನು.

ಅಣ್ಣ ಪಲ್ಲಂಗದ ಅಂಚಿಗೆ ಕುಳಿತ. ದನಿ ತಗ್ಗಿಸಿ, “ನೋಡವಾ, ಒಂದ ಮನಿಗೆ ಎರಡು ಹೆಸರು ಛಂದ ಕಾಣೂದಿಲ್ಲ. ಬಂದವರು ಏನಂತಾರ? ಗಂಡ ಹೆಂಡ್ತಿ ಬ್ಯಾರೆ ಆಗ್ಯಾರ ಅಂತಾರ. ಅಂಗಡಿಗೆ ಬಂದವರು ನನ್ನ ಮುಂದನ ಕೇಳ್ತಾರ. ಆಕಿಗೆ ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ” ಎಂದ. ಬೇಡ ಎನ್ನುವ ಧೈರ್ಯವಿಲ್ಲದವನು ಮಳೆಯ ಹೆಸರು ಹೇಳಿದ. ಇದಕ್ಕಿಂತ ನೇರವಾಗಿ ಬೇಡ ಎಂದಿದ್ದರೆ ನನ್ನ ವೈನಿ ಎದುರು ನಿಂತು ಜಗಳವನ್ನಾದರೂ ಆಡುತ್ತಿದ್ದರು. ಕಾಳಜಿಯ ಜೊತೆ ಯಾರು ಹೇಗೆ ಜಗಳ ಆಡುತ್ತಾರೆ, ನೀವೇ ಹೇಳಿ.

ವೈನಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದರು. ಬೋರ್ಡಿನ ಸುಕ್ಕಿನ ಮೇಲೆ ಒಮ್ಮೆ ಅಂಗೈ ಆಡಿಸಿದರು.

“ವೈನಿ, ನೀವೇನೂ ಮನಸಿಗೆ ಹಚಗೋಬ್ಯಾಡ್ರಿ. ನಾ ಇವತ್ತ ಒಯ್ತೇನಿ. ಎಲ್ಲಾ ಕೆರದು ಹೊಸದಾಗಿ ಬರಕೊಂಡು ಬರ್ತೇನಿ. ಇಂಥಾದ್ದು ಗ್ವಾಡಿಗೆ ಹಾಕಿದ್ರ ನಂದ ಮರ್ಯಾದಿ ಹೋಗ್ತೈತಿ.”

ಅವರು ತಿರುಗಿ ನನ್ನನ್ನು ನೋಡಿದರು. ಅಣ್ಣನನ್ನೂ ಅವರು ಹಾಗೆ ನೋಡಿರಲಿಲ್ಲ.

“ನೀನೂ ಅವರ ಹಂಗ ಮಾತಾಡಾಕತ್ತಿ ನೋಡು. ಅವರಿಗೆ ಅವರ ಮರ್ಯಾದಿ, ನಿನಗ ನಿನ್ನ ಮರ್ಯಾದಿ. ನಡೂವ ನನ್ನ ಹೆಸರು ಗಾದಿ ಕೆಳಗ. ನೀ ಒಯ್ತಿ, ಮತ್ತ ಬರೀತಿ, ಮತ್ತ ಒಣಗ್ಬೇಕು, ಮತ್ತ ಮಳಿ ಬರ್ತೈತಿ.” ಅವರ ದನಿ ಏರಿತು. ಇದು ನನಗೆ ಗೊತ್ತಿದ್ದ ದನಿ, ಹೆರಿಗೆ ಕೋಣೆಯದು. “ಬಿಸಲಾಗ ಹಾಳಾಗ್ಲಿ. ನಾ ಏನು ಬ್ಯಾಡ ಅಂದೇನೇನು? ಗಾದಿ ಕೆಳಗ ಯಾಕ ಹಾಳಾಗ್ಬೇಕು?”

ಇಲ್ಲಿಯ ತನಕ ನಾನು ಬೈದ ಶಿರಹಟ್ಟಿಯವರು, ಅಸುಂಡಿಯವರು, ಅಣ್ಣ, ಇವರೆಲ್ಲರ ಸಾಲಿನಲ್ಲಿ ಅವರು ನನ್ನನ್ನೂ ನಿಲ್ಲಿಸಿಬಿಟ್ಟಿದ್ದರು. ಸಿಟ್ಟು ಬಂತು. ಯಾರ ಮೇಲೆ ಮಾಡಲಿ ಎಂದು ಮಾತ್ರ ಹೊಳೆಯಲಿಲ್ಲ.

ವೈನಿ ಅಡುಗೆಮನೆಯಿಂದ ಸ್ಟೂಲು ತಂದು ಹೊರಗೆ ಗೋಡೆಯ ಬುಡದಲ್ಲಿ ಇಟ್ಟರು. ಬೋರ್ಡನ್ನು ಬಗಲಿಗೆ ಇರುಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದರು. ನಾನು ಸ್ಕ್ರೂ ಎತ್ತಿ ಕೊಟ್ಟೆ. ಅಣ್ಣ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದ, ಆಮೇಲೆ ಬಂದು ಸ್ಟೂಲು ಹಿಡಿದುಕೊಂಡ. ಹಿಡಿಯದೆ ಏನು ಮಾಡಿಯಾನು, ಅದರ ಒಂದು ಕಾಲು ಗಿಡ್ಡ. ಇಂಜೆಕ್ಷನ್ ಕೊಟ್ಟ ಕೈ, ಸ್ಕ್ರೂ ನೆಟ್ಟಗೆ ಇಳಿಯಿತು. ಮಧ್ಯಾಹ್ನದ ಬಿಸಿಲು ಆ ಸುಕ್ಕು ಬಿದ್ದ ಹಳದಿಯ ಮೇಲೆ ಖಡಕ್ಕಾಗಿಯೇ ಬಿದ್ದಿತ್ತು. ನನ್ನ ಜನ್ಮದಲ್ಲಿ ಅಷ್ಟು ಅಸಹ್ಯವಾದ ಬೋರ್ಡು ನನ್ನ ಕೈಯಿಂದ ಹೊರಬಿದ್ದಿರಲಿಲ್ಲ.

ಮಳೆ ಬಿಡುವು ಕೊಟ್ಟಿತ್ತೆಂದು ಎದುರು ಮನೆಯ ಶಾಂತವ್ವ ಅಂಗಳದಲ್ಲಿ ಹಪ್ಪಳ ಹರವುತ್ತಿದ್ದಳು. ಅವಳ ಮೂರೂ ಮಕ್ಕಳು ವೈನಿಯ ಕೈಯಲ್ಲೇ ಹುಟ್ಟಿದವರು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಗೇಟಿನ ತನಕ ಬಂದು, ಕಣ್ಣ ಮೇಲೆ ಅಂಗೈ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ಸುಲೋಚನಾ... ಯಾರ್ರೀ ನರ್ಸಬಾಯಿ ಇವರು? ಮ್ಯಾಲಿನ ಖೋಲಿ ಬಾಡಿಗಿ ಕೊಟ್ಟೀರೇನು?”

ಅಣ್ಣ ಸ್ಟೂಲು ಹಿಡಿದವನು ತಲೆ ಎತ್ತಲಿಲ್ಲ. ವೈನಿ ಕೊನೆಯ ಸ್ಕ್ರೂ ಬಿಗಿ ಮಾಡಿದರು, ಆಮೇಲೆ ಸ್ಟೂಲಿನ ಮೇಲೆ ನಿಂತೇ ಅವಳ ಕಡೆ ತಿರುಗಿದರು.

“ಬಾಡಿಗಿ ಅಲ್ಲ ಶಾಂತವ್ವ. ಮನಿ ಕಟ್ಟಿಸಿದಾಕಿ. ನಾನ.”